ಪುಟ್ಟ ಎದೆಯ ಎರಡು ಗೆರೆ

ಕೊರೊನಾ ಕಾಲದಲ್ಲಿ ಊರಿಗೆ ಊರೇ ಶ್ವಾಸಕೋಶದ ಸ್ಕ್ಯಾನ್ ಹಿಂದೆ ಓಡಿತು. ಮಕ್ಕಳ ವಿಷಯದಲ್ಲಿ ಮೊದಲು ನೋಡಬೇಕಿದ್ದದ್ದು ಹೃದಯವನ್ನು. ಅಂದು ತೆಗೆದ ಆ ಚಿತ್ರಗಳ ಕೆಲಸ ಇನ್ನೂ ಮುಗಿದಿಲ್ಲ.

2021ರ ಜೂನ್ ನಡುಭಾಗ. ಬೆಂಗಳೂರಿನಲ್ಲಿ ಲಾಕ್‌ಡೌನ್ ಆಗಷ್ಟೇ ಸಡಿಲವಾಗಿತ್ತು. ಬಸವೇಶ್ವರನಗರದಲ್ಲಿ ನಮ್ಮ ಕೆಳಮನೆಯ ಏಳು ವರ್ಷದ ಹುಡುಗಿಗೆ ಜ್ವರ ಬಂದು ಅಂದಿಗೆ ನಾಲ್ಕನೇ ದಿನ. ಮಾತ್ರೆ ಕೊಟ್ಟರೆ ಒಂದೆರಡು ಗಂಟೆ ಇಳಿಯುತ್ತಿತ್ತು, ಮತ್ತೆ 103ಕ್ಕೆ ಏರುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ್ದಳು. ಕಣ್ಣು ಕೆಂಡದಂತೆ ಕೆಂಪಾಗಿತ್ತು, ಆದರೆ ಪಿಸುರು ಇರಲಿಲ್ಲ. ತುಟಿ ಒಡೆದಿತ್ತು. ಬೆನ್ನಿನ ಮೇಲೆ ಕೆಂಪು ದದ್ದು.

‘ಅಕ್ಕ, ಒಂದ್ಸಲ ಕೆಳಗೆ ಬನ್ನಿ’ ಎಂದು ಅವಳ ತಾಯಿ ಕೂಗಿದಾಗ ಮನೆಯಲ್ಲಿ ಚರ್ಚೆ ಜೋರಾಗಿ ನಡೆದಿತ್ತು. ಮೇ ತಿಂಗಳ ಮೊದಲ ವಾರ ಆ ಮನೆಯ ದೊಡ್ಡವರಿಗೆಲ್ಲ ಪಾಸಿಟಿವ್ ಬಂದಿತ್ತು. ಮಗುವಿಗೆ ಮಾತ್ರ ಒಂದು ಸೀನೂ ಇರಲಿಲ್ಲ. ಅಜ್ಜಿ ‘ದೃಷ್ಟಿ ಆಗಿದೆ’ ಎಂದರು. ಚಿಕ್ಕಪ್ಪ ‘ಸುಮ್ಮನೆ ಸಿ.ಟಿ. ಮಾಡಿಸಿಬಿಡೋಣ, ಸ್ಕೋರ್ ಎಷ್ಟಿದೆ ಗೊತ್ತಾಗುತ್ತೆ’ ಎಂದ. ಅಂದು ಸಂಜೆ ಮಕ್ಕಳ ವೈದ್ಯರು ಆ ಹುಡುಗಿಯ ಅಂಗೈ, ನಾಲಿಗೆ, ಕತ್ತು ಎಲ್ಲ ನೋಡಿ ಹೇಳಿದ್ದಿಷ್ಟು: ‘ಎದೆ ಸಿ.ಟಿ. ಬೇಡಮ್ಮ. ರಕ್ತ ಕೊಡಿ, ಎಕೋ ಮಾಡಿಸಿ. ನಾಳೆ ಅಲ್ಲ, ಇವತ್ತೇ.’

‘ಎಕೋ ಅಂದ್ರೆ ಹಾರ್ಟಿಗಲ್ವಾ ಸಾರ್? ಏಳು ವರ್ಷದ ಮಗೂಗೆ ಯಾಕೆ?’ ಎಂದು ತಂದೆ ಕೇಳಿದರು. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ತಿಳಿದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ವೈರಸ್ ಹೋದ ಮೇಲೆ ಬಂದ ಜ್ವರ

ಕೊರೊನಾ ಮಕ್ಕಳನ್ನು ಹೆಚ್ಚಾಗಿ ಕಾಡುವುದಿಲ್ಲ ಎಂಬ ಮಾತು 2020ರ ಆರಂಭದಲ್ಲಿ ಎಲ್ಲೆಡೆ ಇತ್ತು. ಅದು ಬಹುಪಾಲು ನಿಜವೂ ಆಗಿತ್ತು. ಆದರೆ ಆ ವರ್ಷದ ಏಪ್ರಿಲ್‌ನಲ್ಲಿ ಲಂಡನ್ನಿನ ವೈದ್ಯರು ಹತ್ತೇ ದಿನಗಳಲ್ಲಿ ಎಂಟು ಮಕ್ಕಳನ್ನು ಒಂದೇ ಬಗೆಯ ಸ್ಥಿತಿಯಲ್ಲಿ ಕಂಡರು. ಇಳಿಯದ ಜ್ವರ, ಹೊಟ್ಟೆನೋವು, ದದ್ದು, ಕುಸಿಯುತ್ತಿದ್ದ ರಕ್ತದೊತ್ತಡ. ಇಟಲಿಯ ಬೆರ್ಗಾಮೊದಲ್ಲಿ ಹಿಂದಿನ ಐದು ವರ್ಷಗಳಲ್ಲಿ ಒಟ್ಟು 19 ಮಕ್ಕಳಲ್ಲಿ ಕಂಡಿದ್ದ ಲಕ್ಷಣಗಳು ಎರಡೇ ತಿಂಗಳಲ್ಲಿ 10 ಮಕ್ಕಳಲ್ಲಿ ಕಾಣಿಸಿಕೊಂಡವು. ಮೇ ತಿಂಗಳ ಮಧ್ಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಒಂದು ವ್ಯಾಖ್ಯಾನ ಕೊಟ್ಟಿತು. ಮಕ್ಕಳಲ್ಲಿ ಬಹು ಅಂಗಾಂಗ ಉರಿಯೂತ, ಆಸ್ಪತ್ರೆಯವರ ಬಾಯಲ್ಲಿ ‘ಮಿಸ್-ಸಿ’.

ಇದು ವೈರಸ್ಸು ನೇರವಾಗಿ ತರುವ ಕಾಯಿಲೆಯಲ್ಲ. ಸೋಂಕು ತಗುಲಿ ಸಾಮಾನ್ಯವಾಗಿ ಎರಡರಿಂದ ಆರು ವಾರಗಳ ನಂತರ, ವೈರಸ್ಸನ್ನು ಓಡಿಸಿದ ರೋಗನಿರೋಧಕ ಶಕ್ತಿಯೇ ಅಂಕೆ ತಪ್ಪಿ ದೇಹದ ಮೇಲೆ ತಿರುಗಿಬೀಳುತ್ತದೆ. ರಕ್ತನಾಳಗಳ ಗೋಡೆ ಊದಿಕೊಳ್ಳುತ್ತದೆ, ಹೃದಯದ ಸ್ನಾಯು ಸೋಲುತ್ತದೆ, ಕರುಳು ಬಾತುಕೊಳ್ಳುತ್ತದೆ. ಮನೆಯವರ ಕೊರೊನಾ ಮುಗಿದು, ಎಲ್ಲರೂ ನಿರಾಳವಾಗಿ ಉಸಿರಾಡುವ ಹೊತ್ತಿಗೆ ಮಗುವಿಗೆ ಜ್ವರ ಬರುವುದರಿಂದ ಎರಡಕ್ಕೂ ನಂಟು ಕಟ್ಟಲು ಯಾರಿಗೂ ಹೊಳೆಯುವುದಿಲ್ಲ. ನಮ್ಮ ಕೆಳಮನೆಯಲ್ಲಿ ಆದದ್ದೂ ಅದೇ.

ವೈದ್ಯರಿಗೆ ಇದನ್ನು ನೋಡಿದಾಗ ನೆನಪಾದದ್ದು ಹಳೆಯ ಒಂದು ಹೆಸರು. 1961ರ ಜನವರಿಯಲ್ಲಿ ಟೋಕಿಯೊದ ಮಕ್ಕಳ ತಜ್ಞ ತೊಮಿಸಾಕು ಕವಾಸಾಕಿ ನಾಲ್ಕು ವರ್ಷದ ಹುಡುಗನೊಬ್ಬನಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ ಲಕ್ಷಣಗಳನ್ನು ಕಂಡರು. ಒಂದೊಂದೇ ಮಗುವನ್ನು ಗುರುತಿಸುತ್ತ, ಅಂಥ 50 ಮಕ್ಕಳ ವಿವರಗಳನ್ನು 1967ರಲ್ಲಿ ಪ್ರಕಟಿಸಿದರು. ತಾನಾಗಿ ವಾಸಿಯಾಗುವ ಜ್ವರ ಎಂದೇ ಮೊದಲು ಎಲ್ಲರೂ ಎಣಿಸಿದ್ದರು. ಹೃದಯಕ್ಕೆ ರಕ್ತ ಒಯ್ಯುವ ಕರೋನರಿ ನಾಳಗಳು ಕೆಲವು ಮಕ್ಕಳಲ್ಲಿ ಬಲೂನಿನಂತೆ ಉಬ್ಬುತ್ತವೆ ಎಂಬುದು ತಿಳಿದದ್ದು ನಂತರ. ಚಿಕಿತ್ಸೆಯಿಲ್ಲದಿದ್ದರೆ ಕವಾಸಾಕಿ ಕಾಯಿಲೆಯ ಸುಮಾರು ಕಾಲುಭಾಗ ಮಕ್ಕಳಿಗೆ ಈ ತೊಂದರೆ ಬರುತ್ತದೆ. ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ಅದು ನೂರಕ್ಕೆ ಐದರ ಆಸುಪಾಸಿಗೆ ಇಳಿಯುತ್ತದೆ. ತಮ್ಮ ಹೆಸರಿನ ಕಾಯಿಲೆಯನ್ನೇ ಹೋಲುವ ಹೊಸ ಕಾಯಿಲೆಯ ಬಗ್ಗೆ ಜಗತ್ತು ಮಾತಾಡುತ್ತಿದ್ದಾಗಲೇ, 2020ರ ಜೂನ್‌ನಲ್ಲಿ, 95ನೇ ವಯಸ್ಸಿನಲ್ಲಿ ಕವಾಸಾಕಿ ತೀರಿಕೊಂಡರು.

ಊರೆಲ್ಲ ಕೇಳುತ್ತಿದ್ದ ಸ್ಕೋರ್

ಎರಡನೇ ಅಲೆಯ ಆ ದಿನಗಳನ್ನು ನಮ್ಮ ಭಾಗದವರು ಮರೆಯುವುದು ಕಷ್ಟ. ಮಾಗಡಿ ರಸ್ತೆಯಲ್ಲಿ ಸುಮನಹಳ್ಳಿ ಚಿತಾಗಾರದ ಕಡೆ ಆಂಬುಲೆನ್ಸುಗಳ ಸಾಲು. ರಾಜಾಜಿನಗರ, ವಿಜಯನಗರದ ಸ್ಕ್ಯಾನಿಂಗ್ ಸೆಂಟರುಗಳ ಮುಂದೆ ಬೆಳಗಿನಿಂದಲೇ ಜನ. ಶ್ವಾಸಕೋಶದ ಐದು ಭಾಗಗಳಿಗೆ ಐದೈದು ಅಂಕದಂತೆ ಒಟ್ಟು 25ಕ್ಕೆ ಹಾಕುವ ಸಿ.ಟಿ. ಸ್ಕೋರ್ ಮನೆಮನೆಯ ಮಾತಾಯಿತು. ಫೋನ್ ಎತ್ತಿದರೆ ‘ಊಟ ಆಯ್ತಾ’ ಬದಲು ‘ಸ್ಕೋರ್ ಎಷ್ಟು ಬಂತು’. ಬೆಲೆ ಮನಬಂದಂತೆ ಏರಿದಾಗ ರಾಜ್ಯ ಸರ್ಕಾರ 2021ರ ಮೇ ತಿಂಗಳಲ್ಲಿ ಸಿ.ಟಿ.ಗೆ 1,500 ರೂಪಾಯಿ ಮಿತಿ ಹಾಕಿತು, ನಂತರ ಎಪಿಎಲ್ ಕುಟುಂಬಗಳಿಗೆ ಅದನ್ನು 2,500 ಮಾಡಿತು.

ಅದೇ ಮೇ ತಿಂಗಳ 3ರಂದು ದಿಲ್ಲಿಯ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ, ಒಂದು ಸಿ.ಟಿ. ಎಂದರೆ 300ರಿಂದ 400 ಎದೆಯ ಎಕ್ಸ್-ರೇಗೆ ಸಮ, ಸಣ್ಣಪುಟ್ಟ ಲಕ್ಷಣಕ್ಕೆಲ್ಲ ಮಾಡಿಸಬೇಡಿ ಎಂದರು. ಭಾರತೀಯ ರೇಡಿಯಾಲಜಿ ಸಂಘದವರು ಆ ಲೆಕ್ಕ ಹಳೆಯ ಯಂತ್ರಗಳದ್ದು, ಈಗಿನ ಯಂತ್ರಗಳಲ್ಲಿ ವಿಕಿರಣ ತೀರಾ ಕಡಿಮೆ ಎಂದು ಆಕ್ಷೇಪಿಸಿದರು. ದೊಡ್ಡವರ ಮಟ್ಟಿಗೆ ಆ ಜಗಳದ ಎರಡು ಕಡೆಗೂ ವಾದವಿದೆ. ಮಕ್ಕಳ ಮಟ್ಟಿಗೆ ಮಾತ್ರ ಎಚ್ಚರಿಕೆಯ ಪಕ್ಷವೇ ಸರಿ. ಮಕ್ಕಳ ಜೀವಕೋಶಗಳು ಬೇಗ ಬೇಗ ವಿಭಜಿಸುತ್ತವೆ, ವಿಕಿರಣದ ಪೆಟ್ಟು ಅವಕ್ಕೆ ಹೆಚ್ಚು. ಆ ಪೆಟ್ಟು ಮುಂದೆಂದೋ ತೊಂದರೆಯಾಗಿ ತಲೆಯೆತ್ತಲು ಮಗುವಿನ ಮುಂದೆ ಇಡೀ ಆಯಸ್ಸಿದೆ. ದೊಡ್ಡವರಿಗೆ ಇಟ್ಟ ಪ್ರಮಾಣದಲ್ಲೇ ಯಂತ್ರ ಚಾಲೂ ಮಾಡಿದರೆ ಪುಟ್ಟ ದೇಹದ ಅಂಗಗಳಿಗೆ ತಗಲುವುದು ಇನ್ನೂ ಜಾಸ್ತಿ. ಮಗುವಿನ ಗಾತ್ರಕ್ಕೆ ತಕ್ಕಂತೆ ವಿಕಿರಣ ಇಳಿಸಿ ಎಂಬ ಆಂದೋಲನವನ್ನು ಮಕ್ಕಳ ರೇಡಿಯಾಲಜಿಸ್ಟರು 2008ರಲ್ಲೇ ಅಮೆರಿಕದಲ್ಲಿ ಆರಂಭಿಸಿದ್ದರು.

ಇಷ್ಟಾಗಿಯೂ ಆ ಮೇ ತಿಂಗಳಲ್ಲಿ ನಮ್ಮ ಬಂಧುಗಳ ಮನೆಯ ಹತ್ತು ವರ್ಷದ ಹುಡುಗನಿಗೆ ಅಪ್ಪ ಅಮ್ಮನ ಜೊತೆಗೇ ಒಂದು ಸೆಂಟರಿನಲ್ಲಿ ಸಿ.ಟಿ. ಮಾಡಿದರು. ಅವನಿಗೆ ಕೆಮ್ಮೂ ಇರಲಿಲ್ಲ. ‘ಬಂದಿದ್ದೀರಲ್ಲ, ಹುಡುಗನಿಗೂ ಮಾಡಿಸಿಬಿಡಿ’ ಎಂದರಂತೆ. ಸ್ಕೋರ್ ಸೊನ್ನೆ ಬಂತು. ಮನೆಯವರು ದೇವರಿಗೆ ಕೈಮುಗಿದರು. ಆ ಚಿತ್ರ ಯಾವ ಪ್ರಶ್ನೆಗೆ ಉತ್ತರ ಎಂದು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ನಾನೂ ಕೇಳಲಿಲ್ಲ, ಅದಕ್ಕೆ ಇಂದಿಗೂ ನೋವಿದೆ.

2021ರ ಜೂನ್ 9ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಮಕ್ಕಳಿಗೆಂದೇ ಮಾರ್ಗಸೂಚಿ ಹೊರಡಿಸಿತು. 18ರೊಳಗಿನವರಿಗೆ ರೆಮ್ಡೆಸಿವಿರ್ ಬೇಡ, ಎದೆಯ ಸಿ.ಟಿ.ಯನ್ನು ತೀರಾ ವಿವೇಚನೆಯಿಂದ ಬಳಸಿ ಎಂಬುದು ಅದರ ಸಾರ. ಕಾರಣ ಸರಳ. ಬಹುಪಾಲು ಮಕ್ಕಳ ಶ್ವಾಸಕೋಶದಲ್ಲಿ ಸ್ಕ್ಯಾನಿಗೆ ಸಿಗುವಂಥದ್ದು ಏನೂ ಇರುತ್ತಿರಲಿಲ್ಲ. ಇದ್ದರೂ ಕೆಳಭಾಗದಲ್ಲಿ, ಅಂಚಿನಲ್ಲಿ ಒಂದಿಷ್ಟು ಮಬ್ಬು. ಅದರಿಂದ ಚಿಕಿತ್ಸೆ ಬದಲಾಗುತ್ತಿರಲಿಲ್ಲ. ಉಸಿರು ಕಟ್ಟಿದ ಮಗುವಿಗೆ ಒಂದು ಎಕ್ಸ್-ರೇ ಸಾಕಾಗುತ್ತಿತ್ತು. ಮಿಸ್-ಸಿ ಮಗುವಿನ ಎಕ್ಸ್-ರೇಯಲ್ಲಿ ಕಾಣುವುದೂ ಬೇರೆಯೇ. ಹಿಗ್ಗಿದ ಹೃದಯದ ನೆರಳು, ಶ್ವಾಸಕೋಶದ ಸುತ್ತ ತುಂಬಿದ ನೀರು. ಅಂದರೆ ಶ್ವಾಸಕೋಶದ ಚಿತ್ರವೂ ಬೆರಳು ತೋರಿಸುತ್ತಿದ್ದದ್ದು ಹೃದಯದ ಕಡೆಗೇ.

ಎಕೋ ಕೋಣೆಯೊಳಗೆ

ಮಕ್ಕಳ ವೈದ್ಯರು ಕೆಳಮನೆಯ ಹುಡುಗಿಯನ್ನು ನೋಡಿದ ದಿನವೇ, ರಾತ್ರಿ ಎಂಟರ ಹೊತ್ತಿಗೆ ಎಕೋ ಕೋಣೆಯ ಬಾಗಿಲಲ್ಲಿ ನಾನು ನಿಂತಿದ್ದೆ. ತಾಯಿ ಒಳಗಿದ್ದರು. ಕೋಣೆ ಕತ್ತಲು, ಎ.ಸಿ. ತಣ್ಣಗೆ. ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂದು ಸ್ಕ್ಯಾನಿಂಗ್ ಕೋಣೆಗಳಲ್ಲೆಲ್ಲ ಇರುವ ಫಲಕ. ಹುಡುಗಿ ಎಡಮಗ್ಗುಲಾಗಿ ಮಲಗಿ ‘ಇ…ಲ್ಲಿ ಭ್ರೂ…ಣ’ ಎಂದು ಅಕ್ಷರ ಕೂಡಿಸಿ ಓದತೊಡಗಿದಳು. ಒಂದನೇ ತರಗತಿಯನ್ನು ಪೂರ್ತಿ ಮೊಬೈಲಿನಲ್ಲೇ ಓದಿದ ಮಗು ಅದು. ತಾಯಿ ಅಳುತ್ತಲೇ ನಕ್ಕರು.

‘ತಣ್ಣಗಿರುತ್ತೆ ಪುಟ್ಟಾ, ಆಮೇಲೆ ಏನೂ ಆಗಲ್ಲ’ ಎಂದು ವೈದ್ಯೆ ಜೆಲ್ ಹಚ್ಚಿದರು. ಹೆಬ್ಬೆಟ್ಟಿನ ತುದಿಯಷ್ಟು ಸಣ್ಣ ಪ್ರೋಬ್. ಅದರಿಂದ ಹೊರಡುವುದು ನಮ್ಮ ಕಿವಿಗೆ ಕೇಳದ ಶಬ್ದ. ಅಂಗಾಂಗಗಳಿಗೆ ಬಡಿದು ಮರಳುವ ಆ ಶಬ್ದವೇ ತೆರೆಯ ಮೇಲೆ ಚಿತ್ರವಾಗುತ್ತದೆ. ನಡುವೆ ಗಾಳಿ ಸಿಕ್ಕಿಕೊಂಡರೆ ಶಬ್ದ ಒಳಗೆ ಇಳಿಯುವುದಿಲ್ಲ, ಅದಕ್ಕೇ ಜೆಲ್. ವಿಕಿರಣದ ಮಾತೇ ಇಲ್ಲ. ಸ್ವೀಡನ್ನಿನ ಲುಂಡ್ ನಗರದಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹೆರ್ಟ್ಸ್ 1953ರಲ್ಲಿ ಮಿಡಿಯುವ ಹೃದಯವನ್ನು ಹೀಗೆ ಮೊದಲು ನೋಡಿದರು. ಶಬ್ದದ ಕಂಪನ ಹೆಚ್ಚಿಸಿದಷ್ಟೂ ಚಿತ್ರ ಸ್ಪಷ್ಟ, ಆದರೆ ಅದು ಆಳಕ್ಕೆ ಇಳಿಯದು. ಮಕ್ಕಳ ಎದೆಗೂಡು ತೆಳು, ಹೃದಯ ಚರ್ಮದ ಹತ್ತಿರದಲ್ಲೇ ಇರುತ್ತದೆ. ಹಾಗಾಗಿ ದೊಡ್ಡವರಲ್ಲಿ ಸರಿಯಾಗಿ ಕಾಣಸಿಗದ ಕರೋನರಿ ನಾಳದ ಬುಡ ಮಕ್ಕಳಲ್ಲಿ ಚೆನ್ನಾಗಿ ಕಾಣುತ್ತದೆ.

ತೆರೆಯ ಮೇಲೆ ಕೆಂಪು, ನೀಲಿ ಬಣ್ಣ ಚಿಮ್ಮಿದಾಗ ತಾಯಿ ಬೆಚ್ಚಿದರು. ‘ಗಾಬರಿ ಬೇಡಮ್ಮ. ರಕ್ತ ನನ್ನ ಕೈ ಕಡೆ ಬಂದರೆ ಕೆಂಪು, ಆ ಕಡೆ ಹೋದರೆ ನೀಲಿ, ಅಷ್ಟೇ’ ಎಂದರು ವೈದ್ಯೆ. ಆಮೇಲೆ ಬಣ್ಣ ತೆಗೆದು, ಪ್ರೋಬನ್ನು ತುಸುವೇ ತಿರುಗಿಸಿದರು. ಮಹಾಪಧಮನಿಯ ಕವಾಟ ಮೂರೆಸಳಿನ ಹೂವಿನಂತೆ ತೆರೆದು ಮುಚ್ಚುತ್ತಿತ್ತು. ಅದರ ಪಕ್ಕದಿಂದ ಹೊರಟಿತ್ತು ಒಂದು ಜೊತೆ ಸಣ್ಣ ಗೆರೆ. ಆ ಎರಡು ಗೆರೆ ನಾಳದ ಎರಡು ಗೋಡೆ, ನಡುವಿನ ಕಪ್ಪು ಎಡೆ ರಕ್ತ ಹರಿಯುವ ದಾರಿ. ಹೃದಯದ ಪ್ರತಿ ಬಡಿತಕ್ಕೂ ಅದು ಕಣ್ಣಿಗೆ ಸಿಕ್ಕಿ ಜಾರುತ್ತಿತ್ತು. ವೈದ್ಯೆ ಉಸಿರು ಬಿಗಿಹಿಡಿದು ಚಿತ್ರವನ್ನು ನಿಲ್ಲಿಸಿದರು, ಒಂದು ಗೆರೆಯಿಂದ ಇನ್ನೊಂದಕ್ಕೆ ಅಳೆದರು. ಮತ್ತೆ ಅಳೆದರು. ಮೂರನೇ ಸಲವೂ ಅಳೆದರು. ನಂತರ ಕೇಳಿದ ಪ್ರಶ್ನೆ ನನಗೆ ವಿಚಿತ್ರವೆನಿಸಿತು: ‘ಇವಳ ಎತ್ತರ, ತೂಕ ಸರಿಯಾಗಿ ಎಷ್ಟು? ಅಂದಾಜು ಬೇಡ.’

ಯೂನಿಫಾರ್ಮಿನ ಅಳತೆ

ಆ ಪ್ರಶ್ನೆಯಲ್ಲೇ ಇಡೀ ಪರೀಕ್ಷೆಯ ಹುರುಳಿದೆ. 3 ಮಿಲಿಮೀಟರ್ ಅಗಲದ ನಾಳ ಹದಿನಾಲ್ಕು ವರ್ಷದ ಹುಡುಗನಲ್ಲಿ ಸಹಜ. ಅದೇ 3 ಮಿಲಿಮೀಟರ್ ಎರಡು ವರ್ಷದ ಮಗುವಿನಲ್ಲಿ ಅಪಾಯದ ಗಂಟೆ. ಯೂನಿಫಾರ್ಮ್ ಕೊಳ್ಳುವಾಗ ನಾವು ‘ಎರಡು ವರ್ಷ ಬರಲಿ’ ಎಂದು ಒಂದು ಅಳತೆ ದೊಡ್ಡದನ್ನೇ ಕೊಳ್ಳುತ್ತೇವೆ. ರಕ್ತನಾಳಕ್ಕೆ ಆ ಸಲಿಗೆಯಿಲ್ಲ. ಅದು ಇವತ್ತಿನ ಮೈಗೆ ಸರಿಯಾಗಿ ಕೂರಬೇಕು. ಆದ್ದರಿಂದ ಎತ್ತರ ಮತ್ತು ತೂಕದಿಂದ ಮೈಯ ವಿಸ್ತೀರ್ಣ ಲೆಕ್ಕ ಹಾಕಿ, ಅಷ್ಟೇ ಗಾತ್ರದ ಆರೋಗ್ಯವಂತ ಮಕ್ಕಳ ನಾಳಕ್ಕಿಂತ ಈ ಮಗುವಿನದು ಎಷ್ಟು ಆಚೆಗಿದೆ ಎಂದು ನೋಡುತ್ತಾರೆ. ಅದರ ಹೆಸರು ಝಡ್ ಸ್ಕೋರ್. 2ಕ್ಕಿಂತ ಕೆಳಗಿದ್ದರೆ ಸಹಜ. 2ರಿಂದ 2.5ರವರೆಗೆ ತುಸು ಹಿಗ್ಗಿದೆ ಎಂದರ್ಥ. 2.5 ಮುಟ್ಟಿದರೆ ಸಣ್ಣ ಉಬ್ಬು, 5 ದಾಟಿದರೆ ಮಧ್ಯಮ, 10 ದಾಟಿದರೆ ಭಾರೀ ಉಬ್ಬು.

ಊರೆಲ್ಲ ಕೇಳುತ್ತಿದ್ದ ಸ್ಕೋರ್ ಒಂದು, ಮಕ್ಕಳಿಗೆ ಬೇಕಿದ್ದ ಸ್ಕೋರ್ ಇನ್ನೊಂದು.

ನಮ್ಮ ಹುಡುಗಿಯದು 2.7 ಬಂತು. ಅದಕ್ಕಿಂತ ಚಿಂತೆಯ ಸಂಗತಿ ಹೃದಯ ರಕ್ತ ತಳ್ಳುವ ಬಲ. ಅದು ಶೇ 55ರ ಮೇಲಿರಬೇಕಿತ್ತು, 48ಕ್ಕೆ ಇಳಿದಿತ್ತು. ಮಿಸ್-ಸಿ ಮಕ್ಕಳಲ್ಲಿ ನಾಳದ ಉಬ್ಬಿಗಿಂತ ಹೆಚ್ಚಾಗಿ ಕಾಣುತ್ತಿದ್ದದ್ದೂ ಈ ಸ್ನಾಯುವಿನ ಸೋಲೇ. ರಾತ್ರಿಯೇ ದಾಖಲಿಸಿಕೊಂಡು ಇಮ್ಯುನೊಗ್ಲೋಬುಲಿನ್ ಹನಿ ಮತ್ತು ಸ್ಟಿರಾಯ್ಡ್ ಶುರು ಮಾಡಿದರು. ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಔಷಧಿ ಅದು. ಕಿಲೋಗೆ 2 ಗ್ರಾಂ, 20 ಕಿಲೋ ಮಗುವಿಗೆ 40 ಗ್ರಾಂ. ಗುರುತು ಪರಿಚಯವಿಲ್ಲದ ಅಷ್ಟು ಜನರ ರಕ್ತದ ಸಾರ ಒಂದು ಪುಟ್ಟ ಕೈಯೊಳಗೆ ಇಡೀ ರಾತ್ರಿ ಹನಿಹನಿಯಾಗಿ ಇಳಿಯಿತು. ಎರಡನೇ ದಿನ ಜ್ವರ ಬಿಟ್ಟಿತು.

ಇಲ್ಲಿ ಎರಡು ಮಾತು ಒಟ್ಟಿಗೆ ಹೇಳಬೇಕು. ಒಂದು, ಇದು ಅಪರೂಪದ ಕಾಯಿಲೆ. 2021ರ ಜೂನ್-ಜುಲೈನ ಐಸಿಎಂಆರ್ ಸಮೀಕ್ಷೆಯಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲೇ ಶೇ 57ರಷ್ಟು ಮಂದಿಯ ರಕ್ತದಲ್ಲಿ ಸೋಂಕಿನ ಗುರುತು ಸಿಕ್ಕಿತ್ತು. ಅವರಲ್ಲಿ ಬಹುಪಾಲು ಮಕ್ಕಳು ಆಸ್ಪತ್ರೆಯ ಮೆಟ್ಟಿಲು ಹತ್ತಲೇ ಇಲ್ಲ. ಎರಡು, ಬಂದವರಿಗೆ ಅದು ಹಗುರವೂ ಅಲ್ಲ. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ 186 ಮಕ್ಕಳಲ್ಲಿ ಶೇ 80 ಮಂದಿಗೆ ಐಸಿಯು ಬೇಕಾಯಿತು, ನಾಲ್ವರು ಉಳಿಯಲಿಲ್ಲ. ಆದರೆ ಚೇತರಿಕೆಯ ಸುದ್ದಿ ಮನಸ್ಸು ತುಂಬುವಂಥದ್ದು. ಅಲ್ಲಿಯದೇ ಮರುವರ್ಷದ ಅಧ್ಯಯನದಲ್ಲಿ, ಹೃದಯದ ಬಲ ಕುಗ್ಗಿದ್ದ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ 30 ದಿನಗಳಲ್ಲೇ ಸಹಜಕ್ಕೆ ಮರಳಿದ್ದರು. ಹಿಂಬಾಲಿಸಿ ನೋಡಿದ ಮಕ್ಕಳಲ್ಲಿ ನಾಳದ ಉಬ್ಬು 90 ದಿನಗಳೊಳಗೆ ಇಳಿದಿತ್ತು. ಹಾಗೆಂದು ಹೇಳಲು ಸಾಧ್ಯವಾದದ್ದು ಮೊದಲ ದಿನ ಅಳೆದಿದ್ದರಿಂದ, ಮತ್ತೆ ಮತ್ತೆ ಕರೆದು ಅಳೆದದ್ದರಿಂದ.

ಹೊಟ್ಟೆ ಮತ್ತು ಮಿದುಳು

ಮಿಸ್-ಸಿ ಹೊಟ್ಟೆಯ ವೇಷ ಹಾಕಿಕೊಂಡು ಬಂದು ಶಸ್ತ್ರಚಿಕಿತ್ಸಕರನ್ನೂ ಏಮಾರಿಸುತ್ತಿತ್ತು. ಬಲಗಡೆ ಹೊಟ್ಟೆನೋವು, ವಾಂತಿ, ಜ್ವರ ಎಂದರೆ ಯಾರಿಗಾದರೂ ಮೊದಲು ಹೊಳೆಯುವುದು ಅಪೆಂಡಿಕ್ಸ್. ಅಂಥಲ್ಲಿ ಹೊಟ್ಟೆಯ ಅಲ್ಟ್ರಾಸೌಂಡ್ ನೆರವಿಗೆ ಬರುತ್ತಿತ್ತು. ಊದಿಕೊಂಡ ದುಗ್ಧಗ್ರಂಥಿಗಳು, ದಪ್ಪಗಾದ ಕರುಳಿನ ಗೋಡೆ, ಅಲ್ಲಲ್ಲಿ ನಿಂತ ನೀರು ಕಂಡು, ಅಪೆಂಡಿಕ್ಸ್ ಮಾತ್ರ ಸರಿಯಾಗಿದ್ದರೆ ಚಾಕು ಕೆಳಗಿಟ್ಟು ರಕ್ತಪರೀಕ್ಷೆಯ ಕಡೆ, ಎಕೋ ಕಡೆ ನೋಡಬೇಕು ಎಂಬುದು ತಿಳಿಯುತ್ತಿತ್ತು.

ಮಿದುಳಿನ ಕಥೆ ನಮ್ಮ ರಾಜ್ಯದ್ದೇ ಇದೆ. 2021ರ ಜೂನ್‌ನಲ್ಲಿ ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಸಂಸ್ಥೆಯಲ್ಲಿ 13 ವರ್ಷದ ಹುಡುಗನೊಬ್ಬನಿಗೆ ಕೋವಿಡ್ ನಂತರ ಮಿದುಳಿನ ಅಂಗಾಂಶ ಹಾಳಾಗುವ ತೀರಾ ವಿರಳ ಕಾಯಿಲೆ ಬಂದದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ವೆಂಟಿಲೇಟರಿನಲ್ಲಿದ್ದ ಹುಡುಗ ಚೇತರಿಸಿಕೊಂಡ. ಈ ಕಾಯಿಲೆಗೆ ಎಂಆರ್‌ಐನಲ್ಲಿ ಒಂದು ಸ್ಪಷ್ಟ ಗುರುತಿದೆ. ಮಿದುಳಿನ ನಡುವೆ ಅಕ್ಕಪಕ್ಕ ಕೂತ ಎರಡು ಥಾಲಮಸ್‌ಗಳಲ್ಲೂ ಕನ್ನಡಿಯಲ್ಲಿ ಕಂಡಂತೆ ಒಂದೇ ಬಗೆಯ ಕಲೆ. ಎಂಆರ್‌ಐನಲ್ಲೂ ವಿಕಿರಣವಿಲ್ಲ. ಆದರೆ ಆ ಗದ್ದಲದ ಸುರಂಗದಲ್ಲಿ ಮಗು ಅಲುಗಾಡದೆ ಮಲಗಬೇಕು, ಸಣ್ಣವರಿಗೆ ಹಲವು ಸಲ ಮಂಪರಿನ ಮದ್ದೇ ಬೇಕಾಗುತ್ತದೆ. ಅಂದರೆ ಯಾವ ಚಿತ್ರವೂ ಪೂರಾ ಪುಕ್ಕಟೆಯಲ್ಲ. ಕೇಳಬೇಕಾದ ಮಾತು ಒಂದೇ: ‘ಡಾಕ್ಟ್ರೇ, ಇದರಿಂದ ಏನು ಗೊತ್ತಾಗಬೇಕು? ಗೊತ್ತಾದರೆ ಚಿಕಿತ್ಸೆ ಬದಲಾಗುತ್ತಾ?’ ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಫೈಲು ಎಲ್ಲಿದೆ?

ನಾನು ಇದನ್ನು ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಮಕ್ಕಳ ಎಕೋ ಎಲ್ಲ ಗಲ್ಲಿಯಲ್ಲೂ ಆಗುವ ಕೆಲಸವಲ್ಲ. ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಬಡಿಯುವ ಪುಟ್ಟ ಹೃದಯದಲ್ಲಿ ಮಿಲಿಮೀಟರಿನ ಹತ್ತನೇ ಭಾಗ ಅಳೆಯಲು ಪಳಗಿದ ಕೈ ಬೇಕು. ಅದಕ್ಕಾಗಿ ಕೆಂಗೇರಿ, ವಿಜಯನಗರದ ಕಡೆಯ ಎಷ್ಟೋ ತಾಯಂದಿರು ಮಗುವನ್ನು ಹೆಗಲಿಗೆ ಹಾಕಿಕೊಂಡು ಬನ್ನೇರುಘಟ್ಟ ರಸ್ತೆಯ ಜಯದೇವಕ್ಕೋ, ನಿಮ್ಹಾನ್ಸ್ ಹತ್ತಿರದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ, 1935ರಿಂದ ತಾಯಿ-ಮಕ್ಕಳನ್ನು ಕಾಯುತ್ತಿರುವ ಕೋಟೆ ಪಕ್ಕದ ವಾಣಿ ವಿಲಾಸಕ್ಕೋ ಹೋಗುತ್ತಾರೆ. ಕೆಂಗೇರಿಗೆ ಮೆಟ್ರೊ ಬಂದದ್ದೇ 2021ರ ಆಗಸ್ಟ್ ಕೊನೆಗೆ. ಅದಕ್ಕೆ ಮೊದಲು ಜ್ವರದ ಮಗುವಿನೊಂದಿಗೆ ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೊದೊಳಗೆ ಕೂತವರಿಗೆ ಆ ದೂರ ಎಷ್ಟೆಂದು ಗೊತ್ತು. ಪಶ್ಚಿಮ ಭಾಗದ ಸರ್ಕಾರಿ ಆಸ್ಪತ್ರೆಗಳಲ್ಲೂ ಮಕ್ಕಳ ಹೃದಯ ನೋಡಬಲ್ಲವರು ವಾರದಲ್ಲಿ ಕೆಲವು ದಿನವಾದರೂ ಕೂತರೆ ಎಷ್ಟೋ ಮನೆಗಳ ಭಾರ ಇಳಿಯುತ್ತದೆ. ಆ ಬೇಡಿಕೆಯನ್ನು ನಾವು ಗಟ್ಟಿಯಾಗಿ ಇಡಬೇಕು.

ಇನ್ನೊಂದು ಕೆಲಸ ನಮ್ಮ ಮನೆಯೊಳಗೇ ಇದೆ. ಆ ವರ್ಷ ಆಸ್ಪತ್ರೆಯಿಂದ ಬಂದ ಕಾಗದಗಳನ್ನು ಕೆಟ್ಟ ಕಾಲದ ನೆನಪು ಎಂದು ಎಷ್ಟೋ ಜನ ಅಟ್ಟಕ್ಕೆ ಎಸೆದಿದ್ದಾರೆ. ಮಿಸ್-ಸಿ ಅಥವಾ ಕವಾಸಾಕಿ ಬಂದು ನಾಳ ಹಿಗ್ಗಿದ್ದ ಮಗುವಿಗೆ ಆ ಎಕೋ ವರದಿ ಬರೀ ನೆನಪಲ್ಲ. ಯಾವ ನಾಳ, ಎಷ್ಟು ಝಡ್ ಸ್ಕೋರ್, ಯಾವ ದಿನಾಂಕ, ಅಂದಿನ ಎತ್ತರ, ತೂಕ, ಈ ಐದು ಸಂಗತಿಗಳು ಮುಂದೆ ಇಪ್ಪತ್ತು, ಮೂವತ್ತು ವರ್ಷದ ನಂತರ ಹೃದಯ ನೋಡುವ ವೈದ್ಯರಿಗೂ ಬೇಕು. ಬರೀ ‘ಆಗ ಏನೋ ಎಕೋ ಮಾಡಿದ್ರು, ನಾರ್ಮಲ್ ಅಂದ್ರು’ ಎಂದರೆ ಹೋಲಿಸಲು ಏನೂ ಸಿಗುವುದಿಲ್ಲ.

ಕೆಳಮನೆಯ ಹುಡುಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಆರು ವಾರಕ್ಕೆ ಝಡ್ ಸ್ಕೋರ್ 1.4. ಮೂರು ತಿಂಗಳಿಗೆ 0.9. ಹೃದಯದ ಬಲ 64. ಅಲ್ಲಿಯವರೆಗೂ ಓಡಬಾರದು, ಹಾರಬಾರದು ಎಂದಿದ್ದರು. ಕಿಟಕಿಯಲ್ಲಿ ಕೂತು ಬೀದಿಯ ಮಕ್ಕಳ ಆಟ ನೋಡುತ್ತಿದ್ದಳು.

ಈಗ ಅವಳಿಗೆ ಹನ್ನೊಂದು ದಾಟಿದೆ. ಮೊನ್ನೆ ಶಾಲೆಯ ಖೊ ಖೊ ತಂಡಕ್ಕೆ ಆಯ್ಕೆಯಾಗಿ, ಆರೋಗ್ಯದ ಫಾರ್ಮ್ ತಂದಿದ್ದಳು. ‘ಹಿಂದೆ ಹೃದಯ ಸಂಬಂಧಿ ತೊಂದರೆ ಇತ್ತೇ?’ ಎಂಬ ಸಾಲಿನ ಮುಂದೆ ತಾಯಿ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದರು. ಆಮೇಲೆ ಬೀರು ತೆಗೆದು ಫೈಲು ಹೊರಗಿಟ್ಟರು. ಫಾರ್ಮಿನಲ್ಲಿ ‘ಹೌದು’ ಎಂದು ಬರೆದು, ಮೂರೂ ವರದಿಗಳ ಜೆರಾಕ್ಸ್ ಜೊತೆಗಿಟ್ಟರು. ಮೊದಲ ವರದಿಯ ತುದಿಯಲ್ಲಿ ಎತ್ತರ 118 ಸೆಂಟಿಮೀಟರ್, ತೂಕ 20 ಕಿಲೋ ಎಂದಿತ್ತು. ಹುಡುಗಿ ಅದನ್ನು ಓದಿ ‘ನಾನು ಇಷ್ಟೇ ಇದ್ನಾ?’ ಎಂದು ತನ್ನ ಎದೆಯ ಹತ್ತಿರ ಅಂಗೈ ಅಡ್ಡ ಹಿಡಿದು ತೋರಿಸಿದಳು. ಈ ಸಲ ಅವಳಿಗೆ ಅಕ್ಷರ ಕೂಡಿಸಿ ಓದಬೇಕಾಗಲಿಲ್ಲ.

ತಾಯಿ ಫೈಲನ್ನು ಮತ್ತೆ ಬೀರುವಿನಲ್ಲಿಟ್ಟರು. ಹಳೆಯ ಬಿಲ್ಲುಗಳ ಜೊತೆಗಲ್ಲ, ಜನನ ಪ್ರಮಾಣಪತ್ರ ಮತ್ತು ತಾಯಿ ಕಾರ್ಡಿನ ಪಕ್ಕದಲ್ಲಿ.